ಕೇಳದೆ ಅಳೆಯುವ ಶಾರವ್ವ

ಬೆಳಗಿನ ಐದೂಕಾಲು. ನವನಗರದ ಬೀದಿದೀಪಗಳು ಇನ್ನೂ ಆರಿಲ್ಲ. ಎರಡು ಕೋಣೆಯ ಮನೆಯೊಂದರ ಬಾಗಿಲ ಚೌಕಟ್ಟಿಗೆ ಹೊಡೆದ ಮೊಳೆಗೆ ಶಾರವ್ವ ಹಳ್ಳೂರ ಅಂಗೈಯಗಲದ ಯಂತ್ರವೊಂದನ್ನು ನೇತುಹಾಕುತ್ತಾರೆ. ಅದರ ಹಿಡಿಕೆಗೆ ಜೋಳದ ಕೈಚೀಲ ಕಟ್ಟುತ್ತಾರೆ. ಚೀಲದಲ್ಲಿರುವುದು ಸರಿಯಾಗಿ ಐದು ಕಿಲೋ ಜೋಳ. ಮುಳ್ಳು ಅಲುಗಾಡುತ್ತದೆ, ಆಚೀಚೆ ಓಲಾಡುತ್ತದೆ, ಕೊನೆಗೆ ಐದರ ಗೆರೆಯ ಮೇಲೆ ನಿಲ್ಲುತ್ತದೆ. ಅಲ್ಲಿಯವರೆಗೆ ಶಾರವ್ವ ಉಸಿರಾಡುವುದಿಲ್ಲ.

"ಇವತ್ತ ಈ ಮುಳ್ಳ ಅರ್ಧ ಕಿಲೋ ಸುಳ್ಳ ಹೇಳಿದ್ರ, ಪೇಶಂಟಿನ ಕೈನೂ ಅರ್ಧ ಕಿಲೋ ಸುಳ್ಳ ಹೇಳಿದಂಗಾತಲ್ರಿ," ಎನ್ನುತ್ತಾ ಯಂತ್ರವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತುತ್ತಾರೆ. ಜೋಳಕ್ಕೆ ನುಸಿ ಬಿದ್ದರೆ ತೂಕ ಕಡಿಮೆಯಾದೀತೆಂದು ತಿಂಗಳಿಗೊಮ್ಮೆ ಅದನ್ನು ಬದಲಿಸಿ, ಕಿರಾಣಿ ಅಂಗಡಿಗೆ ಹೋಗಿ ಮತ್ತೆ ತೂಗಿಸಿಕೊಂಡು ಬರುತ್ತಾರೆ. ಒಳಗಿನಿಂದ ಗಂಡನ ದನಿ ಬರುತ್ತದೆ: "ನಮ್ಮನ್ಯಾಗ ನನಗಿಂತ ಆ ಐದ ಕಿಲೋ ಜ್ವಾಳಕ್ಕ ಮರ್ಯಾದಿ ಭಾಳ ನೋಡ್ರಿ." ಶಾರವ್ವ ತಿರುಗಿ ನೋಡುವುದಿಲ್ಲ. "ಅದು ನಿಮ್ಮಂಗ ದಿನಾ ಒಂದೊಂದ ತೂಕ ತೋರ್ಸಂಗಿಲ್ಲ. ಮಲ್ಕೋರಿ ನೀವು."

ನಲವತ್ತೆಂಟರ ಶಾರವ್ವ ಈ ಯಂತ್ರವನ್ನು ಹಿಂಡಿಸಿ ಅಳೆಯುವುದು ಲಕ್ವಾ ಹೊಡೆದವರ ಕೈಗಳ ಬಲವನ್ನು. ಪಾರ್ಶ್ವವಾಯು ಆದವರ ಟೊಂಕದ ಎಲುಬಿನಿಂದ ಒಂದಿಷ್ಟು ಮಜ್ಜೆ ತೆಗೆದು, ಅದರೊಳಗಿನ ಜೀವಕೋಶಗಳನ್ನು ಬೇರ್ಪಡಿಸಿ, ಅವರದೇ ರಕ್ತನಾಳಕ್ಕೆ ಮರಳಿ ಬಿಟ್ಟರೆ ಮೆದುಳಿನ ಗಾಯ ಹೆಚ್ಚು ಚೆನ್ನಾಗಿ ಮಾಗೀತೇ? ಅವರು ಕೆಲಸ ಮಾಡುವ ಆಸ್ಪತ್ರೆ ಮೂರು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದೆ. ಅರವತ್ತು ರೋಗಿಗಳು ಒಪ್ಪಿ ಸೇರಿಕೊಂಡಿದ್ದಾರೆ. ಅರ್ಧದಷ್ಟು ಜನರಿಗೆ ಮಜ್ಜೆಯ ಚಿಕಿತ್ಸೆ, ಜೊತೆಗೆ ಎಲ್ಲರಿಗೂ ಕೊಡುವ ಔಷಧ ಮತ್ತು ವ್ಯಾಯಾಮ. ಉಳಿದವರಿಗೆ ಔಷಧ, ವ್ಯಾಯಾಮ ಮಾತ್ರ. ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸಿದೆ. ಅದು ರೋಗಿಗೆ ಗೊತ್ತು, ಅವರ ಮನೆಯವರಿಗೆ ಗೊತ್ತು. ಶಾರವ್ವನಿಗೆ ಮಾತ್ರ ಗೊತ್ತಾಗಕೂಡದು.

ಗೊತ್ತಾದರೆ ಏನಾಗುತ್ತದೆ? ಮಜ್ಜೆ ಪಡೆದವನೆಂದು ತಿಳಿದ ಮೇಲೆ ನೋಡುವ ಕಣ್ಣಿಗೆ ಅವನ ಬೆರಳು ತುಸು ಹೆಚ್ಚೇ ಅಲುಗಿದಂತೆ ಕಾಣುತ್ತದೆ. ಪಡೆಯದವನ ಬೆರಳು ಅಲುಗಿದರೂ ಕಾಣದೇ ಹೋಗಬಹುದು. ಆಗ ಅಳತೆಗೆ ಅರ್ಥವಿಲ್ಲ. ಒಬ್ಬ ಮನುಷ್ಯನ ಮನೆಗೆ ವರ್ಷವಿಡೀ ಹೋಗಿಬರಬೇಕು, ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದು ಕೂರಬೇಕು, ಆದರೆ ಅವನ ಬಗ್ಗೆ ತೀರಾ ಮುಖ್ಯವಾದ ಒಂದು ಸಂಗತಿಯನ್ನು ಕೇಳಬಾರದು. ಶಾರವ್ವನ ನೌಕರಿಯೆಂದರೆ ಇಷ್ಟೇ.

ಬೇವೂರಿನಲ್ಲಿ ಹುಟ್ಟಿದ ಶಾರವ್ವ ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾದವರು. "ಈಗ ನೋಡ್ರಿ, ಬರೇ ಅಂಕಿಯೊಳಗ ಬಾಳೇವು. ನಮ್ಮ ಗಣಿತದ ಮಾಸ್ತರು ಇದ್ದಿದ್ರ ಎದಿ ಒಡಕೋತಿದ್ರು," ಎಂದು ನಗುತ್ತಾರೆ. ಮದುವೆಯಾಗಿ ಬಂದದ್ದು ಹಳೆಯ ಬಾಗಲಕೋಟೆಗೆ. ಆ ಮನೆ ಅಣೆಕಟ್ಟಿನ ಹಿನ್ನೀರೊಳಗೆ ಹೋದಾಗ ನವನಗರಕ್ಕೆ ಬಂದರು. ಗಂಡನಿಗೆ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ. ಶಾರವ್ವ ಆಸ್ಪತ್ರೆಯ ಎರಡನೆಯ ಮಹಡಿಯ ನರರೋಗ ವಾರ್ಡಿನಲ್ಲಿ ಆಯಾ ಆಗಿ ಸೇರಿ ಹನ್ನೊಂದು ವರ್ಷ ದುಡಿದರು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಮೈ ಒರೆಸಬೇಕು, ಉಣ್ಣಿಸಬೇಕು. ಹೊರಳಿಸುವಾಗಲೇ ಅವರಿಗೆ ತಿಳಿಯುತ್ತಿತ್ತು: ನಿನ್ನೆ ಹೆಣಭಾರವಾಗಿದ್ದ ತೋಳು ಇವತ್ತು ತುಸು ಹಗುರಾಗಿದೆ.

ಇದನ್ನು ಗಮನಿಸಿದವರು ವೈದ್ಯೆ ಕುಮುದಿನಿ. ಅಧ್ಯಯನದ ಹೊಣೆ ಅವರದೇ. "ನಾವು ಸ್ಕ್ಯಾನ್ ನೋಡಿ ಹೇಳೋದನ್ನ ಶಾರವ್ವ ತೋಳು ಎತ್ತಿ ಹೇಳ್ತಿದ್ರು," ಎನ್ನುತ್ತಾರೆ ಅವರು. ಮಜ್ಜೆಯ ವಿಚಾರ ಎತ್ತಿದರೆ ಮಾತು ನಿಧಾನವಾಗುತ್ತದೆ. "ಮಜ್ಜೆಯ ಕೋಶ ಹೋಗಿ ಹೊಸಾ ಮೆದುಳ ಕಟ್ಟತಾವ ಅಂತ ಜನ ತಿಳಕೊಂಡಾರ. ಹಂಗಲ್ಲ ಅದು. ರಕ್ತ ನಿಂತ ಜಾಗದಾಗ ಸತ್ತ ಕೋಶ ಸತ್ತವೇ. ಅದರ ಸುತ್ತಲೂ ಅರೆಜೀವ ಆಗಿ ಉಳದಾವಲ್ಲ, ಅವಕ್ಕ ಚೇತರಿಸಿಕೊಳ್ಳಾಕ ಬೇಕಾದ ಕೆಲವು ವಸ್ತು ಈ ಮಜ್ಜೆಯ ಕೋಶ ಒದಗಿಸ್ತಾವ ಅನ್ನೋದು ಒಂದು ಊಹೆ. ಚಿಕಿತ್ಸೆಯಿಂದ ದೊಡ್ಡ ಅಪಾಯ ಕಂಡಿಲ್ಲ ಅಂತ ಹಿಂದಿನ ಅಧ್ಯಯನಗಳು ಹೇಳ್ಯಾವ. ಉಪಯೋಗ ಖರೇನ ಐತೋ ಇಲ್ಲೋ, ಅದು ಗಟ್ಟಿ ಆಗಿಲ್ಲ. ಅದಕ್ಕ ಅಳೀಬೇಕು. ಅಳೆಯೋರು ಆಸೆ ಇಟ್ಕೋಬಾರದು."

ಆಸೆ ಇಟ್ಟುಕೊಳ್ಳದ ಕಣ್ಣು ಬೇಕೆಂದು ಶಾರವ್ವನನ್ನು ವಾರ್ಡಿನಿಂದ ಹೊರಗಿಟ್ಟರು. ಮೂರು ವರ್ಷದಿಂದ ಅವರು ಎರಡನೆಯ ಮಹಡಿ ಹತ್ತಿಲ್ಲ. ಹಿಂದಿನ ಬಾಗಿಲಿನಿಂದ ಬಂದು ನೆಲಮಹಡಿಯ ಕೋಣೆಯಲ್ಲಿ ಕಡತ ಒಪ್ಪಿಸಿ, ಅಲ್ಲಿಂದಲೇ ಮರಳುತ್ತಾರೆ. ಕ್ಯಾಂಟೀನಿನಲ್ಲಿ ನರ್ಸುಗಳು ರೋಗಿಗಳ ಮಾತೆತ್ತಿದರೆ ಅರ್ಧ ಚಹಾ ಬಿಟ್ಟು ಎದ್ದುಬಿಡುತ್ತಾರೆ. ಹನ್ನೊಂದು ವರ್ಷ ಒಟ್ಟಿಗೆ ಉಂಡ ಗೆಳತಿಯರು ಈಗ ಅವರನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. "ಮೊದಮೊದಲ ಸಂಕಟ ಆಗತಿತ್ರಿ. ನಾ ಬಂದ ಕೂಡ್ಲೆ ಎಲ್ಲಾರೂ ಗಪ್. ಏನೋ ನನ್ನ ಬಗ್ಗೇನ ಆಡಕೋತಿದ್ರು ಅನ್ನಸ್ತಿತ್ತು. ಈಗ ರೂಢಿ ಆಗೇತಿ. ಅವರು ಗಪ್ ಆದ್ರ ನನಗ ಮರ್ಯಾದಿ ಕೊಟ್ಟಂಗ."

ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಪ್ರತಿ ರೋಗಿಯ ಮನೆಗೆ ನಾಲ್ಕು ಭೇಟಿ. ಬಾದಾಮಿ, ಹುನಗುಂದ, ಇಳಕಲ್ಲು, ಕಲಾದಗಿ, ನಡುವಿನ ಹಳ್ಳಿಗಳು. ದಿನಕ್ಕೆ ಎರಡೇ ಮನೆ, ನೂರು-ನೂರೈವತ್ತು ಕಿಲೋಮೀಟರು ಬಸ್ಸು. ಪ್ರತಿ ಮನೆಯಲ್ಲೂ ಹೊಸ್ತಿಲು ದಾಟುವ ಮುನ್ನ ಒಂದೇ ಮಾತು: "ದವಾಖಾನ್ಯಾಗ ಏನ್ ಮಾಡಿದ್ರು ಅಂತ ನನಗ ಹೇಳಬ್ಯಾಡ್ರಿ. ತೋರಸಬ್ಯಾಡ್ರಿ." ಹೇಳುವುದು ಸುಲಭ. ಈ ಸೀಮೆಯಲ್ಲಿ ಬೇನೆಬಿದ್ದವರ ಮನೆಗೆ ಹೋದವರು ಏನಾಯಿತು, ಹೇಗಾಯಿತು, ಯಾವ ಸೂಜಿ ಮಾಡಿದರು ಎಂದು ಕೇಳಲೇಬೇಕು. ಕೇಳದಿದ್ದರೆ ಬಂದದ್ದಕ್ಕೆ ಬೆಲೆಯಿಲ್ಲ. ಕಲಾದಗಿಯ ಅಜ್ಜನೊಬ್ಬ ಬಾಯಿಬಿಡದೆ ಬೆರಳು ಮಾಡಿ ತೋರಿಸಲು ಹೊರಟಾಗ ಶಾರವ್ವ ಕಣ್ಣು ಮುಚ್ಚಿಕೊಂಡು, "ಅಜ್ಜಾ, ಕೈ ಎಲ್ಲೈತೋ ಅಲ್ಲೇ ಇಡು. ಕಣ್ಣ ತಗೀಲೇನು?" ಎಂದು ಗದರಿದ್ದರಂತೆ.

ಒಮ್ಮೆ ಮಾತ್ರ ಸೋತರು. ಬಾದಾಮಿ ಕಡೆಯ ಹೆಣ್ಣುಮಗಳೊಬ್ಬಳು, ಗಂಡ ಮೊದಲ ಬಾರಿ ಗೋಡೆ ಹಿಡಿಯದೆ ನಡೆದ ಖುಷಿಯಲ್ಲಿ, ಶಾರವ್ವನನ್ನು ತಬ್ಬಿಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ಅಂದು ಶಾರವ್ವ ಅಳೆಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಕುಮುದಿನಿಯವರಿಗೆ ಫೋನು ಮಾಡಿ, "ಕಿವಿಗೆ ಬಿತ್ರಿ, ಅವರನ್ನ ನನ್ನ ಕಡಿಂದ ತಗೀರಿ," ಎಂದರು. ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಆರ ತಿಂಗಳ ಹೋಗಿ ಬಂದಿದ್ದೆರಿ. ಅವರ ಮನಿ ಎಮ್ಮಿನೂ ನನ್ನ ಗುರ್ತ ಹಿಡೀತಿತ್ತು. ಆಮ್ಯಾಲ ಹೋಗಾಕಾಗ್ಲಿಲ್ಲ." ಅದಕ್ಕಿಂತ ಹೆಚ್ಚು ಅವರು ಹೇಳುವುದಿಲ್ಲ.

ಇನ್ನೊಂದು ತಪ್ಪು ಅವರದೇ. ಮೊದಲ ವರ್ಷ, ಸ್ವಂತ ಊರು ಬೇವೂರಿನಲ್ಲಿ. ಬಲಗೈ ಸೋತ ರೈತನೊಬ್ಬನಿಗೆ ಹೆಂಡತಿ ತುತ್ತು ಇಡುತ್ತಿದ್ದಳು. ನಮೂನೆಯಲ್ಲಿ ಪ್ರಶ್ನೆ: ತಾನೇ ಉಣ್ಣಬಲ್ಲನೇ? ಶಾರವ್ವ 'ಇಲ್ಲ' ಎಂದು ಗುರುತು ಹಾಕಿದರು. ಆದರೆ ಅವನ ಎಡಗೈ ಗಟ್ಟಿಮುಟ್ಟಾಗಿತ್ತು. ಎಡಗೈಯಲ್ಲಿ ಅನ್ನ ಮುಟ್ಟುವುದು ಅವನಿಗೆ ನಾಚಿಕೆಗೇಡು, ಅಷ್ಟೇ. ಅದೇ ನಮೂನೆಯಲ್ಲಿ ಚಾಕುವಿನಿಂದ ಆಹಾರ ಕತ್ತರಿಸುವ ಪ್ರಶ್ನೆಯೂ ಇತ್ತು. ಊಟಕ್ಕೆ ಕೂತು ಚಾಕು ಹಿಡಿದವರನ್ನು ಶಾರವ್ವ ಹುಟ್ಟಿದಾರಭ್ಯ ಕಂಡಿಲ್ಲ. "ಡಾಕ್ಟರ, ಈ ಹಾಳಿ ನಮ್ಮ ಮಂದೀನ ನೋಡೇ ಇಲ್ರಿ," ಎಂದು ಹೋಗಿ ಹೇಳಿದರು. ಅಂದಿನಿಂದ ಅವರು ಊಟದ ಹೊತ್ತಿಗೇ ಹೋಗುತ್ತಾರೆ. ಚಾಕುವಿನ ಜಾಗದಲ್ಲಿ ಒಣಗಿಸಿ ಗರಿಗರಿಯಾದ ಕಟಕ ರೊಟ್ಟಿ ಬಂದಿದೆ. ಇಡೀ ರೊಟ್ಟಿಯೊಂದನ್ನು ಸೋತ ಕೈಯಿಂದಲೇ ಮುರಿದು ತಿನ್ನಬೇಕು. ಸರಾಗವಾಗಿ ತಿಂದರೆ ಎರಡು, ತಡವರಿಸಿ ತಿಂದರೆ ಒಂದು, ಆಗದಿದ್ದರೆ ಸೊನ್ನೆ.

ಇಂದಿನ ಮನೆ ಇಳಕಲ್ಲಿನ ನೇಕಾರ ಮಲಕಪ್ಪ ಗುಳೇದ ಅವರದು. ಐವತ್ತಾರು ವರ್ಷ. ಲಕ್ವಾ ಹೊಡೆದು ಒಂದು ವರ್ಷವಾಗಿದೆ. ಇದು ಕೊನೆಯ ಅಳತೆ. ಹುನಗುಂದ ದಾಟುವಾಗ ಶಾರವ್ವನ ಮುಖದಲ್ಲಿ ಬಿಗಿ. ಬಾದಾಮಿಯಲ್ಲಿ ಆದದ್ದು ಇಲ್ಲಿ ಆಗಬಾರದು. ಇಂದು ಒಂದು ಮಾತು ಕಿವಿಗೆ ಬಿದ್ದರೆ, ಒಂದು ಅಂಕಿ ಆಚೀಚೆಯಾದರೆ, ಮಲಕಪ್ಪನವರ ಇಡೀ ವರ್ಷ ಲೆಕ್ಕಕ್ಕೆ ಬಾರದಂತಾಗುತ್ತದೆ. "ಮಲಕಪ್ಪಣ್ಣನ ಹೆಂಡ್ತಿ ಮರೆವ್ವ ಭಾಳ ಚಲೋ ಹೆಣಮಗಳ್ರಿ. ಚಲೋ ಮಂದೀದ ನನಗ ಅಂಜಿಕಿ," ಎನ್ನುತ್ತಾರೆ.

ಓಣಿಯಲ್ಲಿ ಮಗ್ಗಗಳ ಸದ್ದು ಆಗಲೇ ಶುರುವಾಗಿದೆ. ಮಲಕಪ್ಪ ಕಟ್ಟೆಯ ಮೇಲೆ ಕೂತು ಎಡಗೈಯಿಂದ ರಾಟೆ ತಿರುಗಿಸುತ್ತಾ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಾರೆ. ಒಳಗೆ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತಿರುವುದು ಮರೆವ್ವ.

"ಬರ್ರಿ ಶಾರಕ್ಕಾರ. ನೋಡ್ರಿ ನನ್ನ ಬಾಳೇವು. ಮೂವತ್ತ ವರ್ಸ ಇಕಿ ಕಂಡಿಕಿ ಸುತ್ತಿದ್ಲು, ನಾ ನೇಯ್ತಿದ್ದೆ. ಈಗ ಇಕಿ ಗಂಡಸಾಗ್ಯಾಳ, ನಾ ಹೆಂಗಸಾಗೇನಿ."

"ಕಂಡಿಕಿನೂ ನೆಟ್ಟಗ ಸುತ್ತಂಗಿಲ್ರಿ ಇವರು," ಮರೆವ್ವ ಕುಣಿಯಿಂದ ಏಳುತ್ತಾ ಅನ್ನುತ್ತಾರೆ. "ನಾ ಸುತ್ತಿದಾಗ ಒಂದ ಗಂಟ ಬಂದ್ರ ಓಣಿ ತುಂಬ ಒದರತಿದ್ರು. ಈಗ ಅವರ ಗಂಟ ನಾ ಬಿಡಸಾಕತ್ತೇನಿ. ಒದರೇನೇನು?"

"ಒದರವ್ವಾ, ಒದರು. ಬಾಕಿ ಇಟ್ಕೋಬ್ಯಾಡ."

ಶಾರವ್ವ ತಮ್ಮ ಹೊಸ್ತಿಲ ಮಾತು ಹೇಳಿ ಒಳಗೆ ಬರುತ್ತಾರೆ. ಯಂತ್ರವನ್ನು ಹಿಂಡಲೆಂದು ಮಲಕಪ್ಪನ ಬಲಗೈಗೆ ಕೊಡುತ್ತಾರೆ. ಮೊದಲ ತಿಂಗಳು ಮುಳ್ಳು ಅಲುಗಿರಲಿಲ್ಲ. ಮೂರನೆಯ ತಿಂಗಳಿಗೆ ಎರಡು ಕಿಲೋ, ಆರಕ್ಕೆ ಐದು, ಇಂದು ಏಳು. ಮರದ ಗಟ್ಟಿಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕುವ ಒಂದು ನಿಮಿಷದ ಪರೀಕ್ಷೆ: ಹದಿನಾಲ್ಕು ಗಟ್ಟಿ. ಹೆಬ್ಬೆರಳು-ತೋರುಬೆರಳ ನಡುವೆ ಕಾಗದದ ಪಟ್ಟಿ ಹಿಡಿಯಬೇಕು. ಶಾರವ್ವ ಮೆಲ್ಲಗೆ ಎಳೆದರೆ ಜಾರಬಾರದು. ಜಾರುತ್ತದೆ. ಮೂರು ಸಲವೂ ಜಾರುತ್ತದೆ.

ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಅಂದರೆ ಉದ್ದದ ಎಳೆಗಳು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಅದಕ್ಕೆ ಬೇಕಾದದ್ದು ಈ ಎರಡೇ ಬೆರಳು. ಮಲಕಪ್ಪ ಕಾಗದದ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡುತ್ತಾರೆ. "ಸೊನ್ನಿ ಬರೀರಿ ಅಕ್ಕಾರ. ಖರೇ ಐತಿ." ಶಾರವ್ವ ಸೊನ್ನೆ ಬರೆಯುತ್ತಾರೆ. ಸಮಾಧಾನದ ಮಾತು ಆಡುವುದಿಲ್ಲ. ಆಡಬಾರದ ಮಾತುಗಳ ನಡುವೆಯೇ ಅವರು ದುಡಿಯುವುದು.

ಮರೆವ್ವ ಎರಡು ತಾಟು ತಂದಿಡುತ್ತಾರೆ, ಒಂದು ಶಾರವ್ವನಿಗೆ. ಮಲಕಪ್ಪನ ತಾಟಿನಲ್ಲಿ ಇಡೀ ಕಟಕ ರೊಟ್ಟಿ, ಅದರ ಮೇಲೆ ತುಸು ಧಾರಾಳವಾಗಿಯೇ ಹರಡಿದ ಪುಂಡಿಪಲ್ಯ. ಶಾರವ್ವ ಗಡಿಯಾರ ಒತ್ತುತ್ತಾರೆ. ಮಲಕಪ್ಪ ಬಲಗೈ ಚಾಚಿ ಅಂಚು ಹಿಡಿದು ಎತ್ತುತ್ತಾರೆ. ತುಂಡು ಬರುತ್ತದೆ, ಬಾಯಿಗೆ ಹೋಗುತ್ತದೆ. ಇನ್ನೊಂದು ತುಂಡು. ಮತ್ತೊಂದು. ಸರಾಗ. ಎರಡು ಅಂಕ ಬರೆಯಲು ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ಶಾರವ್ವನ ಕೈ ನಿಲ್ಲುತ್ತದೆ.

ಕಟಕ ರೊಟ್ಟಿ ಮುರಿದರೆ ಪಟ್ ಎನ್ನುತ್ತದೆ. ಪಕ್ಕದ ಕೋಣೆಗೂ ಕೇಳಿಸುತ್ತದೆ. ಮಲಕಪ್ಪನ ರೊಟ್ಟಿ ಸದ್ದಿಲ್ಲದೆ ಬಿಟ್ಟುಕೊಂಡಿತ್ತು. ಶಾರವ್ವ ತಮ್ಮ ತಾಟಿನ ರೊಟ್ಟಿಯ ಅಂಚು ಮುರಿದು ನೋಡುತ್ತಾರೆ.

"ಮರೆವ್ವಾ, ನನ್ನ ರೊಟ್ಟಿ ಸಪ್ಪಳ ಮಾಡ್ತೈತಿ. ಮಲಕಪ್ಪಣ್ಣಂದು ಯಾಕ ಮಾಡವಲ್ದು?"

ಮರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಲ್ಲುತ್ತಾರೆ. ಮಲಕಪ್ಪನ ಬಾಯಿ ಒಂದೇ ಬದಿಗೆ ನಗುತ್ತದೆ. "ಸಿಕ್ಕಿಬಿದ್ಲು ನೋಡ್ರಿ. ಮುಂಜಾನೆದ್ದು ಮುರದು, ತುಂಡಿಗೆ ತುಂಡ ಕೂಡಿಸಿ, ಮ್ಯಾಲ ಪಲ್ಯ ಮೆತ್ಯಾಳ. ಕೊಂಡಿ ಹಾಕೋದು ಇಕಿಗೆ ಎಷ್ಟ ಚಲೋ ಬಂದೈತಿ ನೋಡ್ರಿ."

"ನಿಮಗ ಗೊತ್ತಿತ್ತೇನು?" ಶಾರವ್ವ ಕೇಳುತ್ತಾರೆ.

"ಗೊತ್ತಿತ್ರಿ. ಹೆಂಡ್ತಿ ಮಾತಿಗೆ ಬಾಯಿ ಮುಚ್ಚಿ ಉಣ್ಣಾಕತ್ತಿದ್ದೆ."

"ನಾ ಏನ್ ಮಾಡ್ಲಿ ಅಕ್ಕಾರ?" ಮರೆವ್ವ ಬೆರಳಿಗೆ ಸುತ್ತಿದ ಸೆರಗು ಬಿಡುತ್ತಾರೆ. "ನೀವು ವರ್ಸ ತುಂಬ ಬಿಸಲಾಗ ಅಡ್ಡಾಡಿ ಬಂದೀರಿ. ಮನಿಗೆ ಬಂದ ಹೆಣಮಗಳನ್ನ ಬರಿ ಉಡೀಲೆ ಹ್ಯಾಂಗ ಕಳಸೂದು? ಕುಬಸದ ಖಣ ಕೊಟ್ರ ದವಾಖಾನಿ ನಿಯಮ ಅಂತೀರಿ. ತೆಂಗಿನಕಾಯಿ ಕೊಟ್ರ ಒಲ್ಲೆ ಅಂತೀರಿ. ಇವತ್ತ ಕಡೀ ಸಲ. ಒಂದ ಚಲೋ ನಂಬರರ ನಿಮ್ಮ ಉಡ್ಯಾಗ ಹಾಕಿ ಕಳಸೋಣ ಅಂತ ಮಾಡಿದ್ನಿರಿ."

ಶಾರವ್ವ ಪೆನ್ನು ಕೆಳಗಿಡುತ್ತಾರೆ. ಮೂರು ವರ್ಷದಲ್ಲಿ ಸುಳ್ಳು ಹೇಳಿದವರನ್ನು ಅವರು ಕಂಡಿದ್ದಾರೆ. ನಾಚಿಕೆಗೆ ಹೇಳಿದವರು, ಭಯಕ್ಕೆ ಹೇಳಿದವರು. ಮನೆಗೆ ಬಂದವಳ ಮಡಿಲಿಗೆ ಉಡಿ ತುಂಬಲು ಹೇಳಿದವರನ್ನು ಕಂಡಿರಲಿಲ್ಲ. ಎದ್ದು ತಾವೇ ರೊಟ್ಟಿಬುಟ್ಟಿಗೆ ಕೈಹಾಕಿ ಕೆಳಗಿನಿಂದ ಒಂದು ರೊಟ್ಟಿ ಎಳೆದು, ಬೆಳಕಿಗೆ ಹಿಡಿದು ನೋಡಿ, ಬರಿದಾಗಿ ಮಲಕಪ್ಪನ ಮುಂದಿಡುತ್ತಾರೆ. "ಮಲಕಪ್ಪಣ್ಣಾ, ಆದ್ರ ಆತು. ಆಗದಿದ್ರ ಆಗಲಿಲ್ಲ. ನೀವ ಮುರೀರಿ."

ಮರೆವ್ವ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

ರೊಟ್ಟಿ ತಾಟಿನ ತುಂಬ ಜಾರುತ್ತದೆ. ಬಲಗೈ ಅದನ್ನು ಬೆನ್ನಟ್ಟುತ್ತದೆ. ಎಡಗೈ ತಾನಾಗಿಯೇ ನೆರವಿಗೆ ಎದ್ದಾಗ ಮಲಕಪ್ಪ ಅದನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂರುತ್ತಾರೆ. ಒಂದು ನಿಮಿಷ. ಎರಡು ನಿಮಿಷ. ಹಣೆಯಲ್ಲಿ ಬೆವರು. ರೊಟ್ಟಿಯ ಅಂಚನ್ನು ತಾಟಿನ ಅಂಚಿಗೆ ತಂದು ನಿಲ್ಲಿಸಿ, ಅಂಗೈಯ ಬುಡ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ.

ಪಟ್.

ಒಂದು ಚೂರು ಹಾರಿ ಶಾರವ್ವನ ಮಡಿಲಿಗೆ ಬೀಳುತ್ತದೆ. ಗೋಡೆಯ ಕಡೆ ಮುಖ ಮಾಡಿದ ಮರೆವ್ವನ ಹೆಗಲು ಅದುರುತ್ತದೆ, ಆದರೂ ತಿರುಗುವುದಿಲ್ಲ. ಉಳಿದ ತುಂಡು ಹೆಬ್ಬೆರಳಿಗೂ ತೋರುಬೆರಳ ಬದಿಗೂ ಸಿಕ್ಕಿ, ಮೂರು ಸಲ ಬಿದ್ದು, ನಾಲ್ಕನೆಯ ಸಲ ಬಾಯಿ ಸೇರುತ್ತದೆ. ರೊಟ್ಟಿಯೆಲ್ಲ ಮುಗಿಯುವ ಹೊತ್ತಿಗೆ ಹನ್ನೊಂದು ನಿಮಿಷ. ಶಾರವ್ವ 'ಒಂದು' ಎಂದು ಬರೆಯುತ್ತಾರೆ. ಆರು ತಿಂಗಳ ಹಿಂದೆ ಅದೇ ಸಾಲಿನಲ್ಲಿ ಸೊನ್ನೆ ಇತ್ತು. ಮರೆವ್ವನ ಉಪಾಯಕ್ಕೆ ಎರಡು ಸಿಗುತ್ತಿತ್ತು.

"ಒಂದ ಆತೇನ್ರಿ?" ಮಲಕಪ್ಪ ಕೇಳುತ್ತಾರೆ.

"ಒಂದ ಆತು."

"ಸಾಕು. ಅದು ನಂದು." ಎಂದವರು ಹೆಂಡತಿಯ ಕಡೆ ತಿರುಗುತ್ತಾರೆ. "ಏಯ್, ಈ ಕಡೆ ನೋಡ. ಮುಷ್ಟಿಗೆ ಏಳ ಕಿಲೋ ಬಲ ಬಂದೈತಿ. ಎಳಿ ಕೂಡಸೋದು ನೀ ಮಾಡು, ಲಾಳಿ ಹಗ್ಗ ನಾ ಜಗ್ಗತೇನಿ. ನಾಳಿಂದ ನಾನೂ ಕುಣ್ಯಾಗ ಇಳೀತೇನಿ."

"ಒಂದ ಕುಣ್ಯಾಗ ಇಬ್ಬರು ಹಿಡಿಯೂದಿಲ್ಲ. ಪಾಳಿ ಹಚ್ಚೂಣು," ಕಣ್ಣೊರೆಸಿಕೊಳ್ಳುತ್ತಲೇ ಮರೆವ್ವ ಅನ್ನುತ್ತಾರೆ.

ಸಹಿ ಆಗುತ್ತದೆ. ಕಡತ ಮುಚ್ಚುತ್ತದೆ. ಶಾರವ್ವ ಹೊರಡುವಾಗ ಮರೆವ್ವ ಹೊಸ್ತಿಲವರೆಗೆ ಬಂದು ತಡೆಯುತ್ತಾರೆ. "ಅಕ್ಕಾರ, ಮುಗೀತಲ್ರಿ. ಈಗರ ಹೇಳ್ಲೇನು, ಇವರಿಗೆ ಅಲ್ಲಿ ಏನ್ ಮಾಡಿದ್ರು ಅಂತ? ವರ್ಸಾತು, ಹೊಟ್ಟ್ಯಾಗ ಇಟ್ಕೊಂಡ ಕುಂತೇನಿ."

"ಬ್ಯಾಡ ನಮ್ಮವ್ವ. ಇನ್ನ ಹದಿನಾಲ್ಕ ಮಂದಿದು ಅಳತಿ ಉಳದೈತಿ. ನಿಮ್ಮ ಮನೀದು ತಿಳೀತಂದ್ರ, ಅವರ ಕೈ ಹಿಡದಾಗ ಇದೂ ಹಂಗ ಐತೆಲ್ಲ ಅಂತ ನನ್ನ ಮನಸ ಒಂದ ಕಡಿ ವಾಲತೈತಿ." ಶಾರವ್ವ ಮರೆವ್ವನ ಎರಡೂ ಕೈ ಹಿಡಿಯುತ್ತಾರೆ. ಈ ಸಲ ಅಳೆಯಲು ಅಲ್ಲ. "ಎಲ್ಲಾ ಮುಗದ ಮ್ಯಾಲ ಒಂದಿನ ಸುಮ್ನ ಬರ್ತೇನಿ. ಅವತ್ತ ಕುಬಸಾ ಕೊಡು, ಕಾಯೀನೂ ಕೊಡು. ಹೊಟ್ಟ್ಯಾಗಿಂದೂ ಹೇಳು. ಕುಂತ ಕೇಳ್ತೇನಿ."

ಬೇರೆ ಆಸೆಯೇನೂ ಇಲ್ಲವೇ ಎಂದರೆ, ಶಾರವ್ವ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಯೋಚಿಸುತ್ತಾರೆ. ಅಧ್ಯಯನ ಮುಗಿದರೆ ಎರಡನೆಯ ಮಹಡಿ ಹತ್ತಬಹುದು, ಅದೊಂದು ಆಸೆ. ಮಜ್ಜೆಯಿಂದ ನಿಜಕ್ಕೂ ಉಪಯೋಗವಾಗಿದೆ ಎಂದು ಫಲಿತಾಂಶ ಬರಲಿ ಎಂಬ ಆಸೆ? ಅವರು ತಲೆ ಅಲ್ಲಾಡಿಸುತ್ತಾರೆ.

"ಅದನ್ನ ಡಾಕ್ಟರು ನೋಡ್ಕೋತಾರ್ರಿ. ಹೌದಂತಾನೂ ಬರಬಹುದು, ಇಲ್ಲಂತಾನೂ ಬರಬಹುದು. ಏನ ಬರ್ಲಿ, ಹಾಳಿ ಮ್ಯಾಲ ಇರೋದು ಮಲಕಪ್ಪಣ್ಣನ ಕೈ. ಮರೆವ್ವನ ಕೈ ಅಲ್ಲ."